ನೀಲಮ್ಮಜ್ಜಿಯ ಪುಸ್‌ಪುಸ್ ಬುಡ್ಡಿ

“ಬಾಗಿಲು ತೆಗಿ ಅಜ್ಜೀ! ನಾನೂ ನೋಡಬೇಕು!”

“ನೋಡೋಕೆ... ಇಲ್ಲೇನು... ಬೊಂಬೆ ಕೂರ್ಸಿದ್ದಾರಾ? ಹೋಗೇ... ಆಚೆಗೆ!”

ಲೀಲಾ ಬೀಗದ ಕಿಂಡಿಗೆ ಕಣ್ಣು ಒತ್ತಿದಳು. ಎಷ್ಟು ಒತ್ತಿದಳೆಂದರೆ, ಇನ್ನೊಂದು ಚೂರು ಒತ್ತಿದ್ದರೆ ಕಣ್ಣು ಕಿಂಡಿಯಿಂದ ಉರುಳಿ ಕೋಣೆಯೊಳಗೆ ಬಿದ್ದು, ಎಲ್ಲ ನೋಡಿಕೊಂಡು ತಾನೇ ವಾಪಸ್ ಬರುತ್ತಿತ್ತು. ಆದರೂ ಕಂಡದ್ದು ಅಜ್ಜಿಯ ಮೊಣಕೈ ಮಾತ್ರ. ಕೇಳಿಸಿದ್ದು ಒಂದು ‘ಪುಸ್’. ಆಮೇಲೆ ಕೆಮ್ಮು.

ಆ ಕೆಮ್ಮಿನ ವಿಷಯ ಹೇಳಲೇಬೇಕು. ಲಷ್ಕರ್ ಮೊಹಲ್ಲಾದಲ್ಲಿ, ಅಷ್ಟೇ ಏಕೆ, ಇಡೀ ಮೈಸೂರು ಸೀಮೆಯಲ್ಲೇ ಅಂಥ ಕೆಮ್ಮು ಇನ್ನೊಂದಿರಲಿಲ್ಲ. ನೀಲಮ್ಮಜ್ಜಿ ಜೋರಾಗಿ ಒಂದು ಸಲ ಕೆಮ್ಮಿದರೆ ಬೀದಿಯ ಟಾಂಗಾ ಕುದುರೆಗಳೆಲ್ಲ ತಮಗೇ ಹೊರಡಲು ಹೇಳಿದರೆಂದು ತಿಳಿದು ಹೊರಟೇಬಿಡುತ್ತಿದ್ದವು. ಚಾಮುಂಡಿ ಬೆಟ್ಟದ ಕಲ್ಲಿನ ಬಸವ ಕೂಡ ಒಂದು ಸಲ ಕತ್ತು ತಿರುಗಿಸಿ ನೋಡಿದ್ದುಂಟು. ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲವಾದ್ದರಿಂದ ಊರಿಗೆ ಗೊತ್ತಾಗಲಿಲ್ಲ, ಅಷ್ಟೇ.

ಆದರೆ ಕೆಮ್ಮು ನಿಂತ ಮೇಲಿನದು ಇನ್ನೂ ಕಷ್ಟ. ಎರಡು ಮಾತಾಡಿದರೆ ಅಜ್ಜಿ ಒಂದು ಸಲ ಉಸಿರಿಗಾಗಿ ನಿಲ್ಲಬೇಕು. ಜಗಲಿಯ ಮೂರು ಮೆಟ್ಟಿಲು ಹತ್ತಲು ಮೂರು ಸಲ ಕೂರಬೇಕು. ಎದೆಗೆ ಕಿವಿ ಇಟ್ಟರೆ ಒಳಗೆ ಯಾರೋ ಸಣ್ಣ ಪೀಪಿ ಊದಿದ ಹಾಗೆ ಸುಂಯ್ ಎನ್ನುತ್ತಿತ್ತು.

ಅದಕ್ಕೇ ಡಾಕ್ಟರು ಬೊಂಬಾಯಿಯಿಂದ ಹೊಸ ಯಂತ್ರವೊಂದನ್ನು ತರಿಸಿಕೊಟ್ಟಿದ್ದರು. ಗಾಜಿನ ಬುಡ್ಡಿ. ಅದರ ಒಂದು ಕಡೆ ಬಾಯಿಗೆ ಹಿಡಿಯುವ ಕೊಳವೆ. ಇನ್ನೊಂದು ಕಡೆ ಕೆಂಪು ರಬ್ಬರಿನ ಉಂಡೆ, ಥೇಟ್ ಮೋಟಾರಿನ ಪೊಂಯ್ ಪೊಂಯ್ ಹಾರನ್ನಿನದೇ. ಬುಡ್ಡಿಗೆ ನಾಲ್ಕು ತೊಟ್ಟು ಔಷಧಿ ಹಾಕಿ ಉಂಡೆ ಅಮುಕಿದರೆ ಔಷಧಿಯೆಲ್ಲ ಹೊಗೆಯ ಹಾಗೆ ಏಳುತ್ತದಂತೆ.

‘ಅಂತೆ’ ಯಾಕೆಂದರೆ ಲೀಲಾ ಅದನ್ನು ಕಂಡೇ ಇರಲಿಲ್ಲ. ಅಜ್ಜಿ ದಿನಕ್ಕೆರಡು ಹೊತ್ತು ಬುಡ್ಡಿ ಹಿಡಿದು ಕೋಣೆಗೆ ಹೋಗಿ ಅಗುಳಿ ಹಾಕಿಕೊಂಡುಬಿಡುತ್ತಿದ್ದಳು.

“ಅದು ಪನ್ನೀರುದಾನಿ ಕಣೇ. ಮದುವೇಲಿ ಚಿಮುಕಿಸ್ತಾರಲ್ಲ, ಅದು!” ಎಂದಿದ್ದಳು ಪಕ್ಕದ ಮನೆಯ ಅಂಬುಜಾ.

“ಪನ್ನೀರು ಚಿಮುಕಿಸಿಕೊಳ್ಳೋಕೆ ಯಾರಾದ್ರೂ ಬಾಗಿಲು ಹಾಕ್ಕೋತಾರಾ? ಪೆದ್ದಿ!”

ಒಳಗೇನು ನಡೆಯುತ್ತದೆ? ಈ ಒಂದು ಪ್ರಶ್ನೆ ಐದು ದಿನದಿಂದ ಲೀಲಾಳ ತಲೆಯಲ್ಲಿ ಎಷ್ಟು ಜಾಗ ಹಿಡಿದಿತ್ತೆಂದರೆ, ಹದಿಮೂರರ ಮಗ್ಗಿ ಹೊರಗೆ ಬಂದು ನಿಲ್ಲಬೇಕಾಯಿತು. ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ್ದೂ ಅದಕ್ಕೇ.

ಅಷ್ಟರಲ್ಲಿ ನಡುಮನೆಯಿಂದ ಅಪ್ಪನ ದನಿ ಕೇಳಿತು. “ಐದು ದಿನ ಆಯ್ತು, ಒಂದು ಕಾಳಿನಷ್ಟೂ ಗುಣ ಇಲ್ಲ. ನಾಳೆ ಬೆಳಿಗ್ಗೆಗೆ ಟಾಂಗಾ ಹೇಳಿದ್ದೀನಿ ಶಾಂತಾ. ಅವ್ವನ್ನ ಆಸ್ಪತ್ರೆಗೆ ಸೇರಿಸೋದೇ. ಒಂದು ತಿಂಗಳೋ, ಎರಡು ತಿಂಗಳೋ.”

“ಅತ್ತೆ ಒಪ್ತಾರೇನ್ರೀ?” ಎಂದಳು ಅಮ್ಮ.

ಕೋಣೆಯೊಳಗಿನಿಂದಲೇ ಉತ್ತರ ಬಂತು. “ಅಲ್ಲಿಗೆ ಹೋದ್ರೆ... ನಾನು ವಾಪಸ್... ಬರಲ್ಲ ಬುಡು.”

ಅಜ್ಜಿ ಇಲ್ಲದ ಮನೆ? ಲೀಲಾ ಹಿತ್ತಲಿಗೆ ಓಡಿದಳು.

ಕೋಣೆಯ ಕಿಟಕಿ ಎತ್ತರದಲ್ಲಿತ್ತು. ಕೆಳಗೆ ಒರಳುಕಲ್ಲಿತ್ತು. ಅದರ ಮೇಲೆ ಹತ್ತಿ, ತುದಿಗಾಲಲ್ಲಿ ನಿಂತು, ಸರಳು ಹಿಡಿದು ಇಣುಕಿದಳು.

ಅಜ್ಜಿ ಮಂಚದ ಮೇಲೆ ಕೂತಿದ್ದಳು. ತಲೆಯ ತುಂಬ ಸೆರಗು. ಬುಡ್ಡಿಯನ್ನು ಬಾಯಿಯ ಹತ್ತಿರ ಹಿಡಿದಳು. ಉಂಡೆ ಅಮುಕಿದಳು, ಪುಸ್! ಬೆಳ್ಳಗೆ ಒಂದಿಷ್ಟು ಮಂಜು ಎದ್ದಿತು. ತಕ್ಷಣ ಅಜ್ಜಿ ಎರಡೂ ಕೆನ್ನೆ ಬಲೂನಿನ ಹಾಗೆ ಉಬ್ಬಿಸಿ, ‘ಫೂ’ ಎಂದು ಊದಿದಳು! ಊದಿದ ಕೂಡಲೇ ಕಣ್ಣು ಕಿರಿದು ಮಾಡಿಕೊಂಡು ಮುಖ ಪಕ್ಕಕ್ಕೆ ತಿರುಗಿಸಿದಳು.

ಮಂಜೆಲ್ಲ ಆಚೆಗೆ ಹಾರಿ ಎದುರಿನ ಗೋಡೆಯ ಕ್ಯಾಲೆಂಡರಿಗೆ ಬಡಿಯಿತು. ಐದು ದಿನದಿಂದ ಔಷಧಿ ಕುಡಿದದ್ದು ಆ ಕ್ಯಾಲೆಂಡರು! ಅದಕ್ಕೆ ದಮ್ಮು ಇದ್ದಿದ್ದರೆ ಇಷ್ಟು ಹೊತ್ತಿಗೆ ಪೂರ್ತಿ ವಾಸಿಯಾಗಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿಯುತ್ತಿತ್ತು.

“ಅಜ್ಜೀ! ಅದೇನು ಒಲೆನಾ, ಊದ್ತಾ ಇದ್ದೀಯಲ್ಲ!”

ಅಜ್ಜಿ ಬೆಚ್ಚಿಬಿದ್ದಳು. ಬುಡ್ಡಿ ಮಡಿಲಿಗೆ ಬಿತ್ತು. “ಕೋತಿ! ಇಳಿಯೇ... ಕೆಳಗೆ!”

“ಇಳೀತೀನಿ, ನೀನು ಮೊದಲು ಅಗುಳಿ ತೆಗಿ.”

ಅಗುಳಿ ತೆಗೆಯುವ ಸದ್ದಾಯಿತು. ಲೀಲಾ ಸುತ್ತು ಹಾಕಿಕೊಂಡು ಒಳಗೆ ಬಂದು ಅಜ್ಜಿಯ ಪಕ್ಕ ಮಂಚದ ಮೇಲೆ ಕೂತಳು. “ಆಚೆಗೆ ಊದೋದಲ್ಲ ಅಜ್ಜಿ. ಒಳಗೆ ಎಳ್ಕೋಬೇಕು.”

“ಗೊತ್ತು ಕಣೇ. ಕಾಂಪೌಂಡರ್ ದೇವರಾಜು... ಹೇಳ್ದ. ‘ಅಮುಕೋದು, ದಮ್ ಎಳ್ಯೋದು, ಅಷ್ಟೇ ಕಣವ್ವ’ ಅಂತ.” ಅಜ್ಜಿ ಉಸಿರು ತೆಗೆದುಕೊಂಡಳು. “ದಮ್ ಎಳ್ಯೋಕೆ... ನಾನೇನು ಬೀಡಿ ಸೇದೋಳಾ? ಬೀದಿಯವರು... ನೋಡಿದ್ರೆ ಏನಂತಾರೆ?”

ಓಹೋ! ಅಗುಳಿ ಹಾಕುತ್ತಿದ್ದದ್ದು ಇದಕ್ಕೆ!

“ಹೋಗ್ಲಿ, ಬಾಗಿಲು ಹಾಕ್ಕೊಂಡ ಮೇಲಾದ್ರೂ ಎಳ್ಕೋಬಹುದಿತ್ತಲ್ಲ?”

“ಎಳ್ಕೋತೀನಿ ಅಂತಾನೇ... ಹೊರಡ್ತೀನಿ. ಬಾಯಿ ಕೇಳಲ್ಲ. ಅದರಷ್ಟಕ್ಕೆ ಅದು... ಊದಿಬಿಡುತ್ತೆ.”

ಲೀಲಾ ಗಲ್ಲಕ್ಕೆ ಕೈಯಿಟ್ಟು ಯೋಚಿಸಿದಳು. ಅಂಥ ಯೋಚನೆಯನ್ನು ದಿವಾನರೂ ಮಾಡಿರಲಾರರು. “ಸೇದಬೇಡ, ಎಳೀಬೇಡ. ಬಿಸಿ ಸಾರು ಸೊರ್ ಅಂತ ಹೀರ್ತೀಯಲ್ಲ, ಹಂಗೆ ಮಾಡು. ಸಾರು ಕುಡಿಯೋಕೆ ಯಾರೇನಂತಾರೆ?”

ಅಜ್ಜಿ ಮೊಮ್ಮಗಳ ಮುಖ ನೋಡಿದಳು. “ಸಾರಾ?”

“ಹೂಂ, ಹುರುಳಿ ಸಾರು. ನಾನು ಅಮುಕ್ತೀನಿ. ರೆಡಿ? ಒನ್... ಟೂ... ತ್ರೀ!”

ಪುಸ್! ಅಜ್ಜಿಯ ಕೆನ್ನೆ ಉಬ್ಬತೊಡಗಿತು.

“ಸಾರು ಅಜ್ಜಿ, ಸಾರು!”

ಕೆನ್ನೆ ಇಳಿಯಿತು. ಸೊರ್ ಎಂದಿತು. ಎಂಥ ಸೊರ್ ಅಂತೀರಿ! ಕ್ಯಾಲೆಂಡರಿನ ಹಾಳೆ ಗೋಡೆ ಬಿಟ್ಟು ಅಜ್ಜಿಯ ಕಡೆಗೆ ಬಾಗಿತು. ಮಂಜೆಲ್ಲ ಒಳಗೆ ಹೋಯಿತು. ಅಜ್ಜಿ ಕೆಮ್ಮಿದಳು, ಕಣ್ಣಲ್ಲಿ ನೀರು ಬಂತು.

“ಕಹಿ ಕಣೇ, ನಿನ್ನ ಸಾರು!”

“ಇನ್ನೊಂದೇ ಸಲ. ಒಂದು ಹೊತ್ತಿಗೆ ಎರಡೇ ಅಂತ ಡಾಕ್ಟರು ಹೇಳಿದಾರೆ.”

ಎರಡನೆಯದೂ ಒಳಗೆ ಹೋಯಿತು. ಲೀಲಾ ಅಜ್ಜಿಯ ಬೆನ್ನಿಗೆ ಕಿವಿ ಇಟ್ಟಳು. ಪೀಪಿ ಊದುತ್ತಲೇ ಇತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಟ್ಟಳು. ಪೀಪಿ ದೂರ ಹೋದಂತೆ ಕೇಳಿಸಿತು. ನಿಜವೋ, ತನಗೇ ಹಾಗೆ ಅನ್ನಿಸುತ್ತಿದೆಯೋ?

“ಹಾಲೂ!” ಹೊರಗೆ ಹಾಲಿನ ಬೋರಮ್ಮ ಕೂಗಿದಳು.

ಅಜ್ಜಿ ಎದ್ದು ಬಾಗಿಲಿಗೆ ಹೋದಳು. ಬೋರಮ್ಮನನ್ನು ಕಂಡದ್ದೇ ತಡ, “ಏನಮ್ಮಾ ಬೋರಮ್ಮ, ನಿನ್ನೆ ಕೊಟ್ಟಿದ್ದು ಹಾಲೋ ಇಲ್ಲಾ ನಿಮ್ಮ ಎಮ್ಮೆ ಮೈ ತೊಳೆದ ನೀರೋ, ಕಾಯಿಸಿದ್ರೆ ಕೆನೆ ಬರಲ್ಲ, ಹೆಪ್ಪು ಹಾಕಿದ್ರೆ ಮೊಸರಾಗಲ್ಲ, ಇವತ್ತೂ ಹಂಗೇ ತಂದಿದ್ರೆ ನಿನ್ನ ಪಾತ್ರೆ ನಿನ್ನ ತಲೆ ಮೇಲೇ ಬೋರಲು ಹಾಕ್ತೀನಿ ನೋಡ್ತಿರು!” ಎಂದಳು.

ಎಲ್ಲ ಒಂದೇ ಉಸಿರಿಗೆ!

ಅಪ್ಪ ಪೇಪರು ಹಿಡಿದವನು ಹಾಗೇ ಎದ್ದು ನಿಂತ. ಅಮ್ಮ ಸೌಟಿನ ಸಮೇತ ಓಡಿ ಬಂದಳು. ಬೋರಮ್ಮನ ಬಾಯಿ ತೆರೆದದ್ದು ತೆರೆದೇ ಇತ್ತು.

“ಅಮ್ಮಾವ್ರೇ,” ಎಂದಳು ಬೋರಮ್ಮ ಕಣ್ಣು ಒರೆಸಿಕೊಂಡು, “ನಿಮ್ ಬಾಯಲ್ಲಿ ಇಂಗೆ ಬೈಸ್ಕೊಂಡು ಎರಡ್ ವರ್ಷ ಆಗಿತ್ತು ಕಣ್ರವ್ವ. ಇನ್ನೊಂದ್ ದಪ ಬೈರಿ!”

ಅಪ್ಪ ಚಪ್ಪಲಿ ಮೆಟ್ಟಿಕೊಂಡ. “ಟಾಂಗಾದವನಿಗೆ ನಾಳೆ ಬರಬೇಡ ಅಂತ ಹೇಳಿ ಬರ್ತೀನಿ. ಹಂಗೇ ಡಾಕ್ಟರಿಗೂ ವಿಷಯ ತಿಳಿಸ್ತೀನಿ.”

ಅಜ್ಜಿ ಜಗಲಿಯ ಮೇಲೆ ಕೂತಳು. ಲೀಲಾ ಪಕ್ಕದಲ್ಲೇ ಕೂತಳು. ಅವಳ ಪ್ರಶ್ನೆಗಳು ಮುಗಿದಿರಲಿಲ್ಲ.

“ಅಜ್ಜಿ, ನಿನ್ನ ಬಾಯಿ ಯಾಕೆ ಹಂಗೆ ಊದ್ತಿತ್ತು?”

“ಬಾಯಿ ಹತ್ರ ಕೊಳವೆ ಬಂದ್ರೆ ಊದೋದು ಒಂದೇ ಕಣೇ ನಂಗೆ ಗೊತ್ತಿರೋದು. ಹನ್ನೆರಡು ವರ್ಷಕ್ಕೆ ಈ ಮನೆಗೆ ಬಂದೆ. ಬಂದ ದಿನವೇ ನಮ್ಮತ್ತೆ ಊದುಗೊಳವೆ ಕೈಗೆ ಕೊಟ್ರು. ಹಸಿ ಸೌದೆ, ಒದ್ದೆ ಬೆರಣಿ, ಏನಿದ್ರೂ ಊದಿ ಹತ್ತಿಸಿದೆ.”

“ಎಷ್ಟು ವರ್ಷ ಊದಿದೆ?”

“ನಿಮ್ಮಮ್ಮ ಸೊಸೆಯಾಗಿ ಬರೋವರೆಗೂ. ಆಮೇಲೆ ಅವಳ ಕೈಗೆ ಕೊಟ್ಟೆ.”

ಲೀಲಾ ಬೆರಳು ಮಡಿಚಿ ಲೆಕ್ಕ ಹಾಕತೊಡಗಿದಳು. ಬೆರಳು ಸಾಲಲಿಲ್ಲ. ಎದ್ದು ಅಡಿಗೆಮನೆಗೆ ಹೋದಳು.

ಅಮ್ಮ ಹೊಗೆಯ ನಡುವೆ ಒಲೆಯ ಮುಂದೆ ಮಂಡಿಯೂರಿದ್ದಳು. ಕೆನ್ನೆ ಉಬ್ಬಿತ್ತು. ಊದಿದಳು. ಊದಿದ ಕೂಡಲೇ ಕಣ್ಣು ಕಿರಿದು ಮಾಡಿಕೊಂಡು ಮುಖ ಪಕ್ಕಕ್ಕೆ ತಿರುಗಿಸಿದಳು. ಆಮೇಲೆ ಕೆಮ್ಮಿದಳು. ಸಣ್ಣ ಕೆಮ್ಮು. ಯಾವ ಕುದುರೆಗೂ ಕೇಳಿಸದಷ್ಟು ಸಣ್ಣದು.

ಲೀಲಾ ಬಾಗಿಲಲ್ಲೇ ನಿಂತು ನೋಡಿದಳು.

ಆಮೇಲೆ ಮಣೆಯ ಮೇಲೆ ಮಣೆ ಪೇರಿಸಿ, ಹತ್ತಿ, ಗೋಡೆಯ ಕಿಟಕಿಯ ಬಾಗಿಲನ್ನು ಎರಡೂ ಕೈಯಿಂದ ತಳ್ಳಿದಳು. ಅದು ಕಿರುಗುಟ್ಟಿ ತೆರೆಯಿತು. ಹೊಗೆ ಒಂದು ಕ್ಷಣ ಅನುಮಾನಿಸಿ, ಮೆಲ್ಲಗೆ ಅತ್ತ ತಿರುಗಿತು.

“ಮುಚ್ಚೇ ಅದನ್ನ! ಬೆಕ್ಕು ಬಂದು ಹಾಲು ಕುಡಿಯುತ್ತೆ.”

“ಬರಲಿ ಬುಡಮ್ಮ,” ಎಂದಳು ಲೀಲಾ. ಹಾಲಿನ ಪಾತ್ರೆಯನ್ನು ಹತ್ತಿರ ಎಳೆದುಕೊಂಡು, ಅಮ್ಮನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು. “ನಾನಿಲ್ಲೇ ಕಾಯ್ತೀನಿ.”