ಹಸಿ ಕಸ, ಒಣ ಕಸ

"ಬಿಚ್ಚಬ್ಯಾಡಿ ಸಾರ್. ಹಂಗೇ ಕೊಡಿ. ಹರಿಹರಪುರದ ಹೊಳೆಗೆ ಬಿಟ್ಟು ಬತ್ತೀನಿ" ಎಂದಳು ಕಸದ ಗಾಡಿಯ ಯಲ್ಲಕ್ಕ.

ಕೊಪ್ಪದ ಅಂಚಿನ ಹೊಸ ಬಡಾವಣೆಗೆ ಬಾಡಿಗೆಗೆ ಬಂದು ಹತ್ತು ದಿನವಾಗಿದ್ದ ಕಾಲೇಜು ಮೇಷ್ಟ್ರು ರಾಜಶೇಖರ್, ಗೇಟಿನ ಬುಡದಲ್ಲಿ ಸಿಕ್ಕ ಕಪ್ಪು ಬಟ್ಟೆಯ ಗಂಟನ್ನು ಎತ್ತಿ ಹಿಡಿದಿದ್ದ. ಅದರಿಂದ ಜಿಡ್ಡು ತೊಟ್ಟಿಕ್ಕುತ್ತಿತ್ತು.

"ಬೆರಕೆ ಕಸ ಮುಟ್ಟಲ್ಲ ಅಂತ ನಿನ್ನೆ ಬೀದಿಗೆಲ್ಲ ಕೇಳೋ ಹಾಗೆ ಬೈದವರು ನೀವೇ ಅಲ್ವಾ?"

"ಇದು ಕಸ ಅಲ್ಲ, ಮಾಟ. ಕಟ್ಟಿದಂಗೇ ಇದ್ರೆ ಯಾರಿಗೆ ಕಟ್ಟಿದ್ದೋ ಅವರದ್ದು. ಬಿಚ್ಚಿದ್ರೆ ಬಿಚ್ಚಿದ ಮನೇದು. ಮನೇಲಿ ಕೂಸು ಬೇರೆ ಉಂಟು."

ಅವನು ನಕ್ಕು ಕತ್ತರಿ ತಂದು ದಾರ ಕಡಿದ. ನಾತ ಮುಖಕ್ಕೆ ಹೊಡೆಯಿತು. ಮಸಿಯಲ್ಲಿ ಗೆರೆ ಎಳೆದ ಕೊಳೆತ ಮೊಟ್ಟೆ, ಮೊಳೆ ಚುಚ್ಚಿದ ನಿಂಬೆಹಣ್ಣು, ಕೋಳಿಯ ತಲೆ. ಅದರ ಕಣ್ಣಿನ ಗುಳಿಯಲ್ಲಿ ಹುಳುಗಳು ಮಿಸುಕುತ್ತಿದ್ದವು. ಅವೆಲ್ಲ ಹಸಿರು ಬಕೆಟ್ಟಿಗೆ. ಮೊಳೆಗಳನ್ನು ಕಿತ್ತು ನೀಲಿ ಬಕೆಟ್ಟಿಗೆ. ಬಟ್ಟೆ ಕೊಡವಿದಾಗ ಒಳಗಿದ್ದ ಬಿಳಿ ಕೂದಲ ಉಂಡೆ ಬಿಚ್ಚಿಕೊಂಡು, ಗಾಳಿಗೆ ತೇಲಿ, ತೆರೆದ ಬಾಗಿಲಿನಿಂದ ಒಳಗೆ ಹೋಯಿತು.

"ಕೂದಲು ಎಂಥ ಕಸ ಯಲ್ಲಕ್ಕ? ಹಸಿಯೋ, ಒಣದ್ದೋ?"

ಅವಳು ಮೂಗಿಗೆ ಸೆರಗು ಒತ್ತಿ, ಬಕೆಟ್ಟುಗಳನ್ನು ಸುರಿದುಕೊಂಡು ಗಾಡಿ ಹತ್ತಿದಳು.

ಮರುದಿನ ಎಂಟು ತಿಂಗಳ ಮಗಳು ರಾಗಿ ಸರಿ ಉಗಿದಳು. ಬಾಯಿ ಒರೆಸಿದ ಹೆಂಡತಿ ರಶ್ಮಿಯ ಬೆರಳಿಗೆ ಕೂದಲು ಸಿಕ್ಕಿತು. ಎಳೆದಳು. ಬಂತು. ಇನ್ನೂ ಬಂತು. ಮೊಳದುದ್ದ, ದಪ್ಪ, ಬಿಳಿ, ಲೋಳೆ ಮೆತ್ತಿದ ಕೂದಲು. ರಶ್ಮಿಯದು ಕಪ್ಪು ಕೂದಲು.

"ನೆಲದ ಮೇಲಿದ್ದದ್ದು ತಿಂದಿದೆ" ಎಂದು ಡಾಕ್ಟರು ಔಷಧಿ ಬರೆದರು.

ಮೂರನೆಯ ದಿನ ಹಾಲು ಕುಡಿದರೂ ವಾಂತಿ. ವಾಂತಿಯ ತುಂಬ ಕೂದಲು. ಮಗುವಿನ ಉಸಿರಿನಲ್ಲಿ ಅದೇ ಮೊಟ್ಟೆಯ ನಾತ. ಅಳುವುದಕ್ಕೂ ಅದಕ್ಕೆ ತ್ರಾಣವಿರಲಿಲ್ಲ. ಎತ್ತಿಕೊಳ್ಳಲು ಹೋದವನ ಕೈಯನ್ನು ರಶ್ಮಿ ತಳ್ಳಿದಳು. "ಆ ಕೈಲಿ ಮುಟ್ಟಬೇಡಿ."

ಅವನು ಕಸದ ಗಾಡಿಯ ಹಿಂದೆ ಓಡಿದ.

"ಬಿಚ್ಚಿದವರೇ ಕಟ್ಟಬೇಕು. ಒಂದೂ ಕಮ್ಮಿ ಆಗಬಾರದು" ಎಂದಳು ಯಲ್ಲಕ್ಕ.

"ಅದೆಲ್ಲ ಎಲ್ಲಿದೆ ಈಗ?"

"ಎಲ್ಲಿರ್ತದೆ ಮಾರಾಯ್ರೆ? ರಾಶೀಲಿ."

ಕಸದ ರಾಶಿ ಬಿಸಿಲಿಗೆ ಹಬೆಯಾಡುತ್ತಿತ್ತು. ಅವನು ಮೊಣಕಾಲವರೆಗೆ ಹೂತ. ಹಳಸಿದ ಅನ್ನ. ಮೀನಿನ ಕರುಳು. ಮಕ್ಕಳ ಡೈಪರು. ಕೈಯಿಂದ ಕೆದರಿದ. ಹುಳುಗಳು ತೋಳು ಹತ್ತಿದವು. ವಾಂತಿ ಮಾಡಿದ. ಅದರಲ್ಲೇ ಕೆದರಿದ. ನಿಂಬೆಹಣ್ಣು ಸಿಕ್ಕಿತು. ಮಸಿಗೆರೆಯ ಮೊಟ್ಟೆ ಸಿಪ್ಪೆ ಸಿಕ್ಕಿತು. ಕೋಳಿಯ ತಲೆ ಬೆರಳಿನಲ್ಲೇ ಕಳಚಿ ಬಿತ್ತು. ಬಳಿದುಕೊಂಡ. ಒಣ ಕಸದಲ್ಲಿ ಬಟ್ಟೆ, ಮೊಳೆ, ದಾರ.

"ಕೂದಲು?" ರಾಶಿಯ ಅಂಚಿನಲ್ಲಿ ನಿಂತಿದ್ದ ಯಲ್ಲಕ್ಕನನ್ನು ಕೇಳಿದ.

"ಅದು ಕೂಸಿನೊಳಗೆ ಸೇರಿಕೊಂಡದೆ, ಸಿಗಲ್ಲ. ನಿಮ್ಮದು ಹಾಕಿದ್ರೆ ಅದನ್ನ ಬಿಡ್ತದೆ. ನಿಮ್ಮನ್ನ ಹಿಡೀತದೆ. ಯೋಚನೆ ಮಾಡಿ ಸಾರ್."

ನೆತ್ತಿಯಿಂದ ಹಿಡಿಯಷ್ಟು ಕಿತ್ತ. ಚರ್ಮವೂ ಬಂತು. ಕಟ್ಟಿದ. ಗಂಟನ್ನು ಯಲ್ಲಕ್ಕ ಹೊಳೆಗೆ ಒಯ್ದಳು.

ಮಧ್ಯಾಹ್ನ ಮಗಳು ಬಟ್ಟಲು ಸರಿ ಪೂರಾ ತಿಂದು, ಚಮಚ ಕಚ್ಚಿ ನಕ್ಕಳು. ರಶ್ಮಿ ಕಣ್ಣೊರೆಸಿಕೊಂಡು ಅವನಿಗೆ ಬಡಿಸಿದಳು. ಸಾರನ್ನ ಕಲಸಿ ಅವನು ಮೊದಲ ತುತ್ತು ಬಾಯಿಗಿಟ್ಟ. ನಾಲಿಗೆಗೆ ದಪ್ಪ ಕೂದಲು ತಗುಲಿತು.

"ಏನಾಯ್ತು?"

"ಏನಿಲ್ಲ. ಖಾರ."

ನುಂಗಿದ. ಗಂಟಲಿನ ಒಳಗಿನಿಂದ ಇನ್ನೊಂದು ಮೇಲೆ ಬಂತು.