ಹಂಡ್ಯಾನ ಬಾಯಿಗೆ ಕೈ ಹಾಕಿದವಳು

"ಕೈ ತಗೀರಿ!"

ಸಂಶಿಯ ದನದ ದವಾಖಾನೆಯ ಅಂಗಳದಲ್ಲಿ ಆ ದನಿ ಎದ್ದಾಗ, ಕಟ್ಟಿಗೆಯ ಚೌಕಟ್ಟಿನೊಳಗೆ ಕಟ್ಟಿಹಾಕಿದ್ದ ಎಮ್ಮೆ ಕೂಡ ಬೆದರಿತು. ಏನು ಎತ್ತ ಎಂದು ತಿಳಿಯುವುದರೊಳಗೆ ಸುಶೀಲವ್ವನ ಕೈಮೇಲೆ ಫಟ್ಟನೆ ಏಟು ಬಿತ್ತು.

ಹೊಡೆದವನು ದನದ ಡಾಕ್ಟರ್ ಈರಬಸಪ್ಪ. ನವಲಗುಂದದ ಕಡೆಯವನು, ವರ್ಗವಾಗಿ ಊರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ಅವಳ ಕಣ್ಣು ತುಂಬಿ ಬಂದವು. ನೋವಿಗಲ್ಲ, ಸಿಟ್ಟಿಗೆ! ತಾಯಿಯಿಲ್ಲದ ಮಗಳೆಂದು ಅಪ್ಪ ಮಡಿವಾಳೆಪ್ಪ ಒಂದು ದಿನವೂ ಅವಳ ಮೈಮುಟ್ಟಿ ಬಡಿದವನಲ್ಲ. ಈಗ ಯಾವನೋ ಒಬ್ಬ, ಎತ್ತು ಎಮ್ಮೆ ಹಿಡಿದುಕೊಂಡು ನಿಂತ ಇಷ್ಟು ಜನರ ಎದುರಿಗೆ...

ಅವಳು ಬಂದದ್ದಾದರೂ ಯಾಕೆ? ಅವಳ ನಾಯಿ ಹಂಡ್ಯಾ ಹಿಂದಿನ ದಿನದಿಂದ ರೊಟ್ಟಿ ಮುಟ್ಟಿರಲಿಲ್ಲ. ಕೆಳದವಡೆ ಜೋತುಬಿದ್ದು, ಬಾಯಿ ಮುಚ್ಚಲಾಗದೆ ಜೊಲ್ಲು ಸುರಿಸುತ್ತ ಮೂಲೆ ಹಿಡಿದಿತ್ತು. ಓಣಿಯಲ್ಲಿ ಎಲುಬು ಕಡಿಯಲು ಹೋಗಿ ಗಂಟಲಲ್ಲಿ ಸಿಕ್ಕಿಸಿಕೊಂಡಿದೆ ಎಂದು ಅವಳಿಗೆ ಖಾತ್ರಿಯಾಯಿತು. ಬೆಳಿಗ್ಗೆ ತಾನೇ ಬಾಯೊಳಗೆ ಕೈಹಾಕಿ ಗಂಟಲತನಕ ತಡಕಾಡಿದ್ದಳು. ಏನೂ ಸಿಗಲಿಲ್ಲ. ಹಗ್ಗ ಹಾಕಿ ಇಲ್ಲಿಗೆ ಎಳೆದು ತಂದರೆ ಅಂಗಳದಲ್ಲಿದ್ದ ಗಂಡಸರೆಲ್ಲ ನಕ್ಕರು. ಆ ಕಾಲದಲ್ಲಿ ನಾಯಿಗೆ ಯಾರು ದವಾಖಾನೆ ತೋರಿಸುತ್ತಿದ್ದರು? ಡಾಕ್ಟರನ ಒಂದು ತೋಳು ಎಮ್ಮೆಯ ಹಿಂಭಾಗದೊಳಗಿತ್ತು, ತಿರುಗಿಯೂ ನೋಡಲಿಲ್ಲ. ನೋಡಲಿ ಎಂದೇ ಅವಳು ಮತ್ತೊಮ್ಮೆ ಹಂಡ್ಯಾನ ಬಾಯಿ ಅಗಲಿಸಿ ಕೈ ತೂರಿಸಲು ಹೋದದ್ದು.

"ಇದಕ್ಕೂ ಮೊದಲ ಬಾಯಾಗ ಕೈ ಹಾಕಿದ್ರೇನು?" ಅವನ ಮುಖ ಬಿಳಿಚಿಕೊಂಡಿತ್ತು. ಸಿಟ್ಟಿನಲ್ಲಿದ್ದವಳಿಗೆ ಅದೂ ಸಿಟ್ಟಾಗಿಯೇ ಕಂಡಿತು.

"ಹಾಕಿದೆ. ಸಾಕಿದಾಕಿ ನಾನು, ಹಾಕಾಕಿನೂ ನಾನ. ಎಲುಬು ಸಿಕ್ಕೊಂಡೈತಿ. ನೀವರ ತಗೀರಿ, ಇಲ್ಲಾ ನನಗರ ಬಿಡ್ರಿ."

ಅವನು ಅವಳ ಮಣಿಕಟ್ಟು ಹಿಡಿದು ನಳದ ಹತ್ತಿರ ಎಳೆದೊಯ್ದ. ಕೆಂಪು ಸಾಬೂನು ಹಚ್ಚಿ ತಿಕ್ಕಿದ, ತೊಳೆದ, ಮತ್ತೆ ತಿಕ್ಕಿದ. ಹತ್ತಿ ಬಿಡಿಸುವ ದಿನಗಳು. ಒಣಗಿದ ಹತ್ತಿಕಾಯಿಯ ಸಿಪ್ಪೆ ಗೀರಿ ಅವಳ ಬೆರಳೆಲ್ಲ ಸೀಳಿದ್ದವು. ಉರಿ ತಡೆಯಲಾಗದೆ ಕೈ ಎಳೆದುಕೊಂಡರೂ ಅವನು ಬಿಡಲಿಲ್ಲ.

'ನನ್ನ ಕೈ ಇಷ್ಟು ಹೊಲಸೇ ಇವನಿಗೆ? ಸಗಣಿಯೊಳಗೆ ತೋಳು ಹಾಕುವವನಿಗೆ?'

"ಎಲುಬಿಲ್ಲ ಗಿಲುಬಿಲ್ಲ. ಹುಚ್ಚು ಹಿಡದೈತಿ ಅದಕ್ಕ," ಎಂದ ಈರಬಸಪ್ಪ.

ಅವಳಿಗೆ ನಗು ಬಂತು, ಕೆಟ್ಟ ನಗು. ಹುಚ್ಚುನಾಯಿ ಎಂದರೆ ಊರೆಲ್ಲ ಓಡಿ ಕಂಡಕಂಡವರನ್ನು ಕಚ್ಚುವುದು. ಹಂಡ್ಯಾ ಇರುವೆಯನ್ನೂ ಕಚ್ಚಿದ್ದಲ್ಲ. ಬಾಯಿ ಬಿಚ್ಚಿ ನೋಡದೆ ಹೇಗೆ ಗೊತ್ತಾಯಿತು ಎಂದು ಕೇಳಿದಳು. ಎಲ್ಲ ಹುಚ್ಚೂ ಓಡುವುದಿಲ್ಲ ಎಂದು ಅವನು ಒದರಿದ. ಒಂದು ನಮೂನೆಯ ಹುಚ್ಚಿನಲ್ಲಿ ನಾಯಿ ಸುಮ್ಮನೆ ಮೂಲೆ ಹಿಡಿಯುತ್ತದೆ, ದವಡೆ ಬೀಳುತ್ತದೆ, ಗಂಟಲು ಕಟ್ಟುತ್ತದೆ. ಮನೆಯವರು ಎಲುಬು ಸಿಕ್ಕಿದೆ ಎಂದು ಕೈಹಾಕುತ್ತಾರೆ, ಆ ಜೊಲ್ಲು ಗಾಯಕ್ಕೆ ತಾಗುತ್ತದೆ.

"ಇವತ್ತ ಕುಂದಗೋಳಕ್ಕ ಹೋಗಿ ಸೂಜಿ ಚಾಲೂ ಮಾಡ್ರಿ. ಇದು ಇಲ್ಲೇ ಇರಲಿ."

ಕಾಂಪೌಂಡರ್ ಅಬ್ದುಲ್‌ಸಾಬ ಉದ್ದನೆಯ ಕೋಲಿಗೆ ಹಗ್ಗ ಕಟ್ಟಿ ಹಂಡ್ಯಾನನ್ನು ಹಿಂದಿನ ಖೋಲಿಗೆ ದೂಡಿ ಕದ ಹಾಕಿದ. ಅದು ಬೊಗಳಲೂ ಇಲ್ಲ, ತಿರುಗಿ ಅವಳನ್ನು ನೋಡಿತು ಅಷ್ಟೇ.

ಸುಶೀಲವ್ವ ಕುಂದಗೋಳಕ್ಕೆ ಹೋಗಲಿಲ್ಲ. ಅವನ ಮಾತು ಕೇಳುವುದಕ್ಕಿಂತ ಹೊಲದಲ್ಲಿ ಹತ್ತಿ ಬಿಡಿಸುವುದೇ ವಾಸಿ ಎಂದುಕೊಂಡಳು.

ಮೂರನೆಯ ದಿನ ಹಂಡ್ಯಾ ಸತ್ತಿತು.

ಸುದ್ದಿ ತಿಳಿದು ಅವಳು ಅರಿಶಿನ, ಕುಂಕುಮ, ಒಂದು ಬಿಳಿ ಬಟ್ಟೆ ಹಿಡಿದು ಓಡಿಬಂದಳು. ಹೊಲದ ಬದುವಿನಲ್ಲಿ ಮಣ್ಣು ಮಾಡಬೇಕೆಂದು ಅವಳ ಆಸೆ. ಅಷ್ಟರಲ್ಲಿ ಈರಬಸಪ್ಪ ದವಾಖಾನೆಯ ಹಿತ್ತಲಲ್ಲಿ ಆಳದ ಕುಣಿ ತೆಗೆಸಿ, ಸುಣ್ಣ ಸುರಿಸಿ, ಮುಚ್ಚಿಬಿಟ್ಟಿದ್ದ. ಕೊನೆಯ ಸಲ ಮುಖ ನೋಡಲೂ ಬಿಡಲಿಲ್ಲ! ಅವಳು ಆ ಬಟ್ಟೆಯನ್ನು ಅವನ ಮೇಜಿನ ಮೇಲೆ ಒಗೆದು ಬಂದಳು.

ಅಲ್ಲಿಗೇ ನಿಂತಿದ್ದರೆ ಅವಳ ಸಿಟ್ಟು ಒಂದು ಸುಗ್ಗಿಗೆ ಆರುತ್ತಿತ್ತೇನೋ. ಮರುದಿನ ಬೆಳಿಗ್ಗೆ ಊರಲ್ಲಿ ಡಂಗುರ ಬಿತ್ತು. ಮಡಿವಾಳೆಪ್ಪನ ಮನೆಯ ನಾಯಿ ಹುಚ್ಚು ಹಿಡಿದು ಸತ್ತಿದೆ, ಅದನ್ನು ಮುಟ್ಟಿದವರು, ಅದು ನೆಕ್ಕಿದವರು, ಯಾರೇ ಇದ್ದರೂ ದವಾಖಾನೆಗೆ ಬಂದು ಹೇಳಬೇಕು ಎಂದು ಓಣಿ ಓಣಿಯಲ್ಲಿ ಸಾರಿದರು. ಸಾರಿಸಿದವನು ಅದೇ ಪುಣ್ಯಾತ್ಮ.

ಮಿಶ್ರಿಕೋಟಿಯ ಒಂದು ಮನೆತನದವರು ಸುಶೀಲವ್ವನನ್ನು ನೋಡಿ ಒಪ್ಪಿ ಹೋಗಿದ್ದರು. ಯುಗಾದಿ ಆದಮೇಲೆ ನಿಶ್ಚಯ ಎಂಬ ಮಾತಿತ್ತು. ಕೆಟ್ಟ ಸುದ್ದಿಗೆ ಕಾಲು ಬೇರೆ ಬೇಕೇ? ಡಂಗುರ ಬಿದ್ದ ನಾಲ್ಕನೆಯ ದಿನಕ್ಕೆ ಅಲ್ಲಿಂದ ಆಳು ಬಂದು ಹೇಳಿಹೋದ. ನಾಯಿಯ ಹುಚ್ಚು ತಾಗಿದ ಹುಡುಗಿ ತಮಗೆ ಬೇಡವಂತೆ, ಮದುವೆಯಾದ ಮೇಲೆ ಬೊಗಳಿದರೆ ಯಾರು ಹೊಣೆಯಂತೆ. ಮಡಿವಾಳೆಪ್ಪ ತಲೆಯ ಮೇಲೆ ಕೈಹೊತ್ತು ಕುಳಿತ. ಸುಶೀಲವ್ವ ಕುಳಿತುಕೊಳ್ಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ದವಾಖಾನೆಗೆ ನಡೆದಳು.

ಈರಬಸಪ್ಪ ಸ್ಟೋವಿನ ಮೇಲೆ ಸಿರಿಂಜು ಕುದಿಸುತ್ತಿದ್ದ. ಅವಳು ಒಂದೇ ಉಸಿರಿನಲ್ಲಿ ಬೈದಳು. ನಾಯಿಯನ್ನು ಕೊಂದವನು, ಮುಖ ತೋರಿಸದೆ ಹೂತವನು, ಈಗ ಹೆಣ್ಣುಮಗಳ ಬಾಳನ್ನು ಬೀದಿಗೆ ತಂದವನು, ಎಲ್ಲ ಅಂದಳು. ಅಬ್ದುಲ್‌ಸಾಬ ಮೆಲ್ಲಗೆ ಹೊರಗೆ ಜಾರಿದ.

ಅವನು ಪೂರ್ತಿ ಕೇಳಿ ಒಂದೇ ಮಾತು ಕೇಳಿದ.

"ಸೂಜಿ ಚಾಲೂ ಮಾಡಿದ್ರೇನು?"

"ಇಲ್ಲ. ಮಾಡಂಗೂ ಇಲ್ಲ. ತಗೊಂಡ್ರ ನನಗ ಹುಚ್ಚು ತಾಗೇತಿ ಅಂತ ನಾನ ಊರಿಗೆ ಹೇಳಿದಂಗ."

ಈರಬಸಪ್ಪ ಚಿಮಟಿಗೆಯನ್ನು ಮೇಜಿಗೆ ಕುಕ್ಕಿದ. ಅವನ ಸಿಟ್ಟೂ ಅವಳದಕ್ಕಿಂತ ಕಡಿಮೆ ಇರಲಿಲ್ಲ.

"ಊರು ಹಾಳಾಗಿ ಹೋಗಲಿ! ಈ ರೋಗ ಒಂದು ಸಲ ಎದ್ದರ ನೀರು ಕಂಡ್ರ ಗಂಟಲ ಬಿಗೀತೈತಿ. ಗುಟುಕು ನೀರು ಇಳಿಯಂಗಿಲ್ಲ. ಆಮ್ಯಾಲೆ ಯಾವ ಡಾಕ್ಟರ ಕಡೆನೂ ಔಷಧ ಇಲ್ಲ, ಸಾಯೂದೊಂದ. ಸಂಬಂಧ ಹೋತಂತ ಅಳ್ತೀರೇನು? ಜೀವ ಇದ್ದರ ಸಿಟ್ಟು ಮಾಡಾಕರ ಬರತೈತಿ. ನಾಳೆ ಮುಂಜಾನೆ ಬಸ್ಸಿಗೆ ನಿಂದ್ರಿ, ಇಲ್ಲಾಂದ್ರ ನಿಮ್ಮನಿ ಮುಂದ ಬಂದು ನಾನ ಡಂಗುರ ಹೊಡೀತೀನಿ."

'ಇವನ ಸೊಕ್ಕು ನೋಡು!' ಎಂದುಕೊಳ್ಳುತ್ತಲೇ ಅವಳು ಮನೆಗೆ ಬಂದಳು. ಆದರೆ ಆ ರಾತ್ರಿ ಅಪ್ಪ ಊಟ ಮುಟ್ಟದೆ, "ತಂಗಿ, ನನಗ ನೀ ಒಬ್ಬಾಕಿ ಇದ್ದೀ" ಎಂದಾಗ ಅವಳ ಹಟ ಕರಗಿತು.

ಆಗೆಲ್ಲ ಹುಚ್ಚುನಾಯಿಯ ಮದ್ದೆಂದರೆ ಹೊಟ್ಟೆಯ ಮೇಲೆ ಹದಿನಾಲ್ಕು ಸೂಜಿ, ದಿನಕ್ಕೊಂದು. ಕುಂದಗೋಳದ ಸರಕಾರಿ ದವಾಖಾನೆಯ ಬೆಂಚಿನ ಮೇಲೆ ಅಪ್ಪ ಮಗಳು ಕುಳಿತಿದ್ದರು. ಪರದೆಯ ಆಚೆಯಿಂದ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಹೊಟ್ಟೆ ಹಿಡಿದುಕೊಂಡು ಒಬ್ಬ ಬಂದ.

ಈರಬಸಪ್ಪ!

"ನಾ ಬಂದೀನೋ ಇಲ್ಲೋ ಅಂತ ಕಾವಲಿಗೆ ಬಂದೀರೇನು?" ಅವಳ ಸಿಟ್ಟು ಮತ್ತೆ ಭುಗಿಲೆಂದಿತು.

ಪರದೆ ಸರಿಸಿದ ನರ್ಸಮ್ಮ ನಕ್ಕುಬಿಟ್ಟಳು. ಕಾವಲಿಗಲ್ಲ, ಸಾಹೇಬರು ಮೊದಲನೆಯ ದಿನದಿಂದಲೂ ಸೂಜಿ ತೆಗೆದುಕೊಳ್ಳುತ್ತಿದ್ದಾರೆ ಎಂದಳು.

ಆಗ ಸುಶೀಲವ್ವನ ಕಣ್ಣು ಅವನ ಬಲಗೈಗೆ ಹೋಯಿತು. ಬೆರಳ ಗಿಣ್ಣುಗಳ ಮೇಲೆ ಸಾಲಾಗಿ ಒಣಗಿದ ಗಾಯ, ಹಲ್ಲು ಗೀರಿದ ಗುರುತು. ಅವಳು ಆ ದಿನವನ್ನು ಮನಸ್ಸಿನಲ್ಲೇ ಮತ್ತೆ ನೋಡಿದಳು. ತಾನು ಕೈ ತೂರಿಸಲು ಹೋದದ್ದು... ಅವನು ಕೂಗಿದ್ದು... ಅವಳ ಕೈಗೂ ಹಂಡ್ಯಾನ ಬಾಯಿಗೂ ನಡುವೆ ಅವನ ಕೈ ಬಂದದ್ದು... ಅದು ಹೊಡೆತವಾಗಿರಲಿಲ್ಲ. ತನಗೆ ತಾಗಬೇಕಾದ ಹಲ್ಲಿಗೆ ಅವನು ಕೈ ಒಡ್ಡಿದ್ದ.

ಇಷ್ಟು ದಿನ ಹೊತ್ತುಕೊಂಡಿದ್ದ ಸಿಟ್ಟನ್ನು ಈಗ ಯಾರ ಮೇಲೆ ಇಳಿಸುವುದು? ತನ್ನ ಮೇಲೆಯೇ ಬಂತು, ಅದಕ್ಕಿಂತ ಹೆಚ್ಚಾಗಿ ಅವನ ಮೇಲೆಯೇ ಬಂತು.

"ಯಾಕ ಹೇಳಲಿಲ್ಲ?"

"ಹೇಳಿದ್ರ ನನ್ನ ಮಕ ನೋಡಿ ಸೂಜಿ ತಗೋತಿದ್ರಿ. ನಿಮ್ಮ ಜೀವದ ಸಲುವಾಗಿ ತಗೋಬೇಕಾಗಿತ್ತು," ಎಂದು ಅವನು ಮುಖ ಗಂಟಿಕ್ಕಿಕೊಂಡೇ ಹೊರಟುಹೋದ.

ಮರುದಿನದಿಂದ ಮೂವರೂ ಒಂದೇ ಬಸ್ಸು. ಎರೆನೆಲದ ಆ ರಸ್ತೆಯ ಒಂದೊಂದು ಗುಂಡಿಗೂ ಬಾತ ಹೊಟ್ಟೆ ಹಿಡಿದು ಇಬ್ಬರೂ ಒಟ್ಟಿಗೆ ನರಳುತ್ತಿದ್ದರು, ನಡುವೆ ಕುಳಿತ ಮಡಿವಾಳೆಪ್ಪ ಕಿಟಕಿಯ ಕಡೆ ತಿರುಗಿ ಮೀಸೆಯಲ್ಲೇ ನಗುತ್ತಿದ್ದ. ಜಗಳವೇನೂ ನಿಲ್ಲಲಿಲ್ಲ. ಸುಣ್ಣ ಹಾಕಿದ್ದು ತಪ್ಪೆಂದು ಅವಳು, ಬೇರೆ ನಾಯಿಗಳು ಕುಣಿ ಕೆದರಿದರೆ ಊರಿಗೇ ರೋಗ ಹಬ್ಬುತ್ತಿತ್ತೆಂದು ಅವನು. ಆದರೆ ಒಂದು ದಿನ ಬಸ್ಸು ಹೊರಡುವ ಹೊತ್ತಾದರೂ ಅವನು ಬರಲಿಲ್ಲ. ಸುಶೀಲವ್ವ ಕಂಡಕ್ಟರನೊಂದಿಗೆ ಜಗಳ ತೆಗೆದು ಬಸ್ಸನ್ನೇ ನಿಲ್ಲಿಸಿದಳು. ಈಯಲಾರದ ಎಮ್ಮೆಯ ಕರು ಎಳೆದು, ತೋಳೆಲ್ಲ ಲೋಳೆಯಾಗಿ ಅವನು ಓಡಿಬಂದಾಗ, "ಎಮ್ಮಿ ಜೀವ ಅಷ್ಟ ಜೀವೇನು? ನಿಮ್ಮದು ಅಲ್ಲೇನು?" ಎಂದು ಬೈದಳು. ಬೈಯುವಾಗ ಅವಳ ದನಿ ನಡುಗಿತು.

ಮೊದಲು ಅವನ ಸೂಜಿಗಳು ಮುಗಿದವು, ಆಮೇಲೆ ಅವಳವು. ಬಸ್ಸೂ ಮುಗಿಯಿತು. ನಾಯಿಯಿಲ್ಲದವಳು ದನದ ದವಾಖಾನೆಗೆ ಯಾವ ನೆಪದಿಂದ ಹೋದಾಳು?

ಸೂಜಿ ತೆಗೆದುಕೊಂಡರೂ ಒಮ್ಮೊಮ್ಮೆ ರೋಗ ತಿಂಗಳುಗಟ್ಟಲೆ ಅಡಗಿ ಕೂತು ಏಳುತ್ತದೆ ಎಂದು ಓಣಿಯ ಹೆಂಗಸರು ಪಿಸುಗುಡುತ್ತಿದ್ದರು. ದಿನಾ ಬೆಳಿಗ್ಗೆ ಅಪ್ಪ ಏಳುವ ಮೊದಲೇ ಅವಳು ಅಡಿಗೆಮನೆಯಲ್ಲಿ ಒಬ್ಬಳೇ ಕುಳಿತು ತಂಬಿಗೆಯ ನೀರನ್ನು ನೋಡುತ್ತಿದ್ದಳು. ಗಂಟಲು ಬಿಗಿಯುತ್ತದೆಯೇ? ಕಣ್ಣು ಮುಚ್ಚಿ ಕುಡಿದು, ಇಳಿದ ಮೇಲೆ ಉಸಿರು ಬಿಡುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಅಪ್ಪ ಅಂದೇ ಸಾಯುತ್ತಿದ್ದ.

ಒಂದು ಸಂಜೆ ಈರಬಸಪ್ಪ ಮನೆಗೆ ಬಂದ. ಇಸ್ತ್ರಿಯ ಅಂಗಿ, ಜೊತೆಗೆ ಹಿರಿಯನಾಗಿ ಅಬ್ದುಲ್‌ಸಾಬ. ಸುಶೀಲವ್ವ ರೀತಿಯಂತೆ ಬೆಲ್ಲದ ಚೂರು, ನೀರು ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು. ಅಬ್ದುಲ್‌ಸಾಬ ಸುತ್ತಿಬಳಸದೆ ಹೆಣ್ಣು ಕೇಳಿದ. ಮಡಿವಾಳೆಪ್ಪನ ಮುಖ ಅರಳಿತು.

ಅವಳ ಮುಖ ಮಾತ್ರ ಕೆಂಡವಾಯಿತು. ಎಷ್ಟೋ ದಿನ ಕಾದ ಮಾತೇ, ಆದರೆ ಹೀಗಲ್ಲ!

"ಮಿಶ್ರಿಕೋಟಿ ಸಂಬಂಧ ಮುರದ ಪಾಪಕ್ಕ ದಂಡ ತೆರಾಕ ಬಂದೀರೇನು? ನಿಮ್ಮ ಕನಿಕರ ನನಗ ಬ್ಯಾಡ."

"ಕನಿಕರ?" ಈರಬಸಪ್ಪ ಎದ್ದುನಿಂತ. "ಡಂಗುರ ಹೊಡಿಸಿದ್ದಕ್ಕ ನನಗ ಕಾಳಿನಷ್ಟೂ ಕೆಟ್ಟ ಅನಿಸಿಲ್ಲ. ಆ ಡಂಗುರ ಕೇಳಿ ನಿಮ್ಮ ಓಣಿ ಖಾದರಬಿ ಮೊಮ್ಮಗಳು ಬಂದು ಸೂಜಿ ತಗೊಂಡೈತಿ. ನಾಳೆ ಬೇಕಾದ್ರ ಮತ್ತ ಹೊಡಸ್ತೀನಿ. ಮುರಕೊಂಡ ಹೋದವರು ಹೋಗಲಿ, ನನಗ ಛಲೋನ ಆತು."

ಸಿಟ್ಟಿನಲ್ಲಿ ಗಂಟಲು ಒಣಗಿ ಅವನು ನೀರಿನ ತಂಬಿಗೆ ಎತ್ತಿದ. ತುಟಿಯ ಹತ್ತಿರ ಒಯ್ದವನು ತಡೆದ. ಒಂದು ಗಳಿಗೆ ನೀರನ್ನೇ ನೋಡಿದ. ಕಣ್ಣು ಮುಚ್ಚಿ ಗಟಗಟನೆ ಕುಡಿದು, ಸಣ್ಣಗೆ ಉಸಿರು ಬಿಟ್ಟ.

ಬೇರೆ ಯಾರಿಗೂ ಅದು ಕಾಣಿಸಲಿಲ್ಲ. ಸುಶೀಲವ್ವನಿಗೆ ಆ ಉಸಿರಿನ ಗುರುತು ಚೆನ್ನಾಗಿ ಇತ್ತು. ಊರಿಗೆಲ್ಲ ಧೈರ್ಯ ಹೇಳುವ ಈ ಒರಟನೂ ಹೆದರಿದ್ದಾನೆ. ತನ್ನ ಹಾಗೆಯೇ, ಒಬ್ಬನೇ, ಯಾರಿಗೂ ಹೇಳದೆ.

ಅವಳು ಹೊಸ್ತಿಲು ದಾಟಿ ಮುಂದೆ ಬಂದಳು.

"ದಿನಾ ಹಿಂಗ ಏನು?"

ಅವನು ತಲೆ ತಗ್ಗಿಸಿದ. "ದಿನಾ. ಮುಂಜಾನೆ."

"ನಾನೂ."

ಮಡಿವಾಳೆಪ್ಪನಿಗೆ ಏನೂ ತಿಳಿಯದಿದ್ದರೂ, ತಿಳಿದ ಅಬ್ದುಲ್‌ಸಾಬ ಅವನ ತೋಳು ಹಿಡಿದು ಹೊರಗಿನ ಕಟ್ಟೆಯ ಮೇಲೆ ಕೂಡೋಣ ಎಂದು ಕರೆದೊಯ್ದ.

"ನೀವು ಡಾಕ್ಟರ್. ನಿಮಗ ಯಾಕ ಇಷ್ಟು ಅಂಜಿಕಿ?"

"ನಂದು ಕುಡದ ಕೂಡಲೇ ಮುಗೀತೈತಿ," ಎಂದ ಅವನು. ಆ ದನಿಯಲ್ಲಿ ಮೊದಲ ಸಲ ಸಿಟ್ಟಿರಲಿಲ್ಲ. "ಆಮ್ಯಾಲೆ ನಿಮ್ಮದು ಚಾಲೂ ಆಗತೈತಿ. ಆಕಿ ಕುಡದಳೋ ಇಲ್ಲೋ... ನಿಮ್ಮ ಓಣಿ ಮಂದಿ ಯಾರರ ದನ ಹೊಡಕೊಂಡು ಬಂದು, ಸುಶೀಲವ್ವ ಹೊಲಕ್ಕ ಹೋದಳು ಅಂದ್ರ ಆವತ್ತಿನ ದಿನ ನನಗ ಬೆಳಗ ಆದಂಗ. ಬಾಜೂಕ ಕುಂತು ಇಬ್ಬರೂ ಕೂಡಿ ಕುಡದ್ರ ಆತು ಅಂತ ಬಂದೀನಿ. ಕನಿಕರ ಅಂತೀರಿ ನೀವು."

ಅವಳಿಗೆ ಅಳು ಬಂತು. ಅಳುವುದನ್ನು ಅವನು ನೋಡಬಾರದೆಂದು ಅವನ ಕೈಯ ತಂಬಿಗೆ ಕಸಿದುಕೊಂಡಳು. ತಳದಲ್ಲಿ ಇನ್ನೂ ನಾಲ್ಕು ಗುಟುಕು ನೀರಿತ್ತು. ಕಣ್ಣು ಮುಚ್ಚದೆ, ಅವನನ್ನೇ ನೋಡುತ್ತ ಕುಡಿದಳು.

ಅವನ ಕಣ್ಣು ಅವಳ ಗಂಟಲಿನ ಮೇಲೇ ಇತ್ತು. ಕೊನೆಯ ಗುಟುಕು ಇಳಿಯುವತನಕ ಅವನು ಉಸಿರಾಡಲಿಲ್ಲ.

"ನೋಡಿದ್ರಿ?"

"ನೋಡಿದೆ."

"ನಾಳೆ?"

"ನಾಳೆನೂ ನೋಡ್ತೀನಿ."

"ಹಂಗಾರ ಹೊರಗ ಹೋಗಿ ಅಪ್ಪಗ ಹೇಳ್ರಿ," ಎಂದಳು ಸುಶೀಲವ್ವ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಹುಡುಗಿ ಹೂಂ ಅಂದಳು ಅಂತ."