ಹಿಂದಿನ ಎಡ ಟೈರು

1996ರ ನವೆಂಬರ್ 21, ಗುರುವಾರ ಬೆಳಿಗ್ಗೆ ಎಂಟೂಕಾಲು. ಕಿಕ್ಕೇರಿಗೂ ಶೀಳನೆರೆಗೂ ನಡುವಿನ ಮಾರನಹಳ್ಳಿ ಠಾಣೆಯ ಮೆಟ್ಟಿಲು ಹತ್ತಿ ಬಂದ ಮಾಯಮ್ಮನ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಹೊಂಗೆಕೊಪ್ಪಲಿನ ದೊಡ್ಡಮನೆ ಯಜಮಾನಿ. ಹಿಂದೆ ಬಂದಿದ್ದ ದಾಯಾದಿಗಳು ಬಾಗಿಲಾಚೆ ನಿಂತರು. ಆಕೆ ಮಾತ್ರ ಒಳಗೆ ಬಂದು, ಹೆಡ್ ಕಾನ್‌ಸ್ಟೇಬಲ್ ಶಿವಣ್ಣನ ಮೇಜಿನ ಮುಂದೆ ಕೂರದೆ ನಿಂತೇ ಹೇಳಿದಳು.

"ನನ್ ಮಗ ಮಂಜುನಾಥನ್ನ ಯಾವ್ದೋ ಗಾಡಿ ಗುದ್ದಿ ಸಾಯ್ಸ್ಬುಟ್ಟದೆ. ಬರ್ಕಳಿ."

"ಎಲ್ಲವ್ವ?"

"ನಾಲೆ ಏರಿ ಮ್ಯಾಲೆ. ನಮ್ ತೂಬಿನ ತಾವು."

"ಮನೆ ಬುಟ್ಟಿದ್ದು ಯಾವಾಗ?"

"ನೆನ್ನೆ ಸಂಜೆ, ಐದೂವರೆಗೆ. ತೂಬು ಎತ್ತಕ್ಕೆ ವೋದ."

"ರಾತ್ರಿ ಬರ್ದೆ ಇದ್ದುದ್ಕೆ ಹುಡುಕ್ಲಿಲ್ವಾ?"

"ಪಂಪ್‌ಸೆಟ್ ಮನೇಲೆ ಮಲ್ಗವ್ನೆ ಅನ್ಕಂಡೆ," ಎಂದು ಮಾಯಮ್ಮ ಗೋಡೆಯ ಕಡೆ ನೋಡಿದಳು.

ಅಪರಾಧ ಸಂಖ್ಯೆ 143/96, ಭಾರತ ದಂಡ ಸಂಹಿತೆ 279 ಮತ್ತು 304(ಎ). ಅತಿವೇಗ ಮತ್ತು ಅಜಾಗರೂಕತೆಯಿಂದ ವಾಹನ ಚಲಾಯಿಸಿ ಸಾವಿಗೆ ಕಾರಣ, ಚಾಲಕ ಅಪರಿಚಿತ. ಎಫ್‌ಐಆರ್ ಬರೆದು ಮುಗಿಸಿದಾಗ ಶಿವಣ್ಣನಿಗೂ ಇದು ಅಷ್ಟೇ ಎನಿಸಿತ್ತು. ಇಪ್ಪತ್ತಾರರ ಗಂಡುಮಗ, ಮಣ್ಣುರಸ್ತೆ, ನಿಲ್ಲಿಸದೆ ಹೋದ ಗಾಡಿ.

ಸ್ಥಳಕ್ಕೆ ಹೋದಾಗ ಹತ್ತು ಗಂಟೆ. ಹಿಂದಿನ ಮಧ್ಯಾಹ್ನ ಬಿದ್ದ ತುಂತುರು ಮಳೆಗೆ ನೆನೆದಿದ್ದ ಏರಿಯ ಮಣ್ಣು ಇನ್ನೂ ಮೆತ್ತಗಿತ್ತು. ತೂಬಿನ ಕಲ್ಲಿಗೂ ರಸ್ತೆಗೂ ನಡುವೆ ಹೆಣ ಅಂಗಾತ ಬಿದ್ದಿತ್ತು. ಸೊಂಟ ಜಜ್ಜಿಹೋಗಿತ್ತು. ಹತ್ತೂ ಉಗುರುಗಳಲ್ಲಿ ಮಣ್ಣು. ಸಬ್ ಇನ್‌ಸ್ಪೆಕ್ಟರ್ ರವೀಂದ್ರ ಮೈಸೂರಿನ ಕಡೆಯವನು, ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಅವನು ಪಂಚರನ್ನು ನಿಲ್ಲಿಸಿಕೊಂಡು ಮಹಜರು ಬರೆಸುತ್ತಿದ್ದರೆ, ಶಿವಣ್ಣ ಚಕ್ರದ ಗುರುತುಗಳ ಮೇಲೆ ಅಳಿಯದಂತೆ ಮಂಕರಿ ಬುಟ್ಟಿ ಮಗುಚಿ ಹಾಕಿಸುತ್ತಿದ್ದ.

ಗುರುತು ಮೂರು ಸಾಲು. ನಡುವೆ ಒಂದು, ಆಚೀಚೆ ಒಂದೊಂದು. ಆಟೋ ಎಂದು ಹೇಳುವುದಕ್ಕೆ ಪೊಲೀಸೇ ಬೇಕಿರಲಿಲ್ಲ. ಆದರೆ ಶಿವಣ್ಣ ಖಾಕಿ ತೊಡುವ ಮುಂಚೆ ನಾಲ್ಕು ವರ್ಷ ಶ್ರೀರಂಗಪಟ್ಟಣದಲ್ಲಿ ಸೋದರಮಾವನ ಆಟೋ ಓಡಿಸಿದವನು. ಅವನಿಗೆ ಇನ್ನೂ ಎರಡು ವಿಷಯ ಕಂಡವು. ಒಂದು, ಹಿಂದಿನ ಎಡ ಟೈರು ಕೆಸರಲ್ಲಿ ಜಾರಿ ಕುಡುಗೋಲಿನ ಹಾಗೆ ಗೀರಿತ್ತು. ಇನ್ನೊಂದು, ಹೆಣದಿಂದ ಎಂಟು ಹೆಜ್ಜೆ ದೂರದಲ್ಲಿ ರಾಗಿ ರೊಟ್ಟಿ ಅಗಲದ ಎಣ್ಣೆ ಕಲೆ.

"ಸರ್, ಆಟೋ ಇಲ್ಲಿ ನಿಂತಿತ್ತು."

"ಗುದ್ದಿದ ಮೇಲೆ ಗಾಬರಿಯಲ್ಲಿ ನಿಲ್ಲಿಸಿರುತ್ತಾನೆ."

"ಹನಿ ಹನಿಯಾಗಿ ತೊಟ್ಟಿಕ್ಕೋ ಎಣ್ಣೆ ಇಷ್ಟಗಲ ಆಗಬೇಕಾದ್ರೆ ಎರಡು ಮೂರು ಗಂಟೆ ಬೇಕು ಸರ್. ಗಾಬರಿ ಅಷ್ಟೊತ್ತು ಇರಲ್ಲ."

ರವೀಂದ್ರ ಕಲೆಯನ್ನೂ ಅಳತೆ ಮಾಡಿಸಿ ಪಂಚನಾಮೆಗೆ ಸೇರಿಸಿದ. ಎಡ ಟೈರಿನ ಗುರುತಿಗೆ ಪ್ಲಾಸ್ಟರ್ ಸುರಿದು, ಒಂದೂವರೆ ಅಡಿ ಉದ್ದದ ಅಚ್ಚು ತೆಗೆದರು.

ಕೃಷ್ಣರಾಜಪೇಟೆಯಲ್ಲಿ ಶವಪರೀಕ್ಷೆ ಮುಗಿದಾಗ ಸಂಜೆ ನಾಲ್ಕು. ವೈದ್ಯರು ಕೈ ಒರೆಸಿಕೊಳ್ಳುತ್ತಾ ಶಿವಣ್ಣನಿಗೆ ಹೇಳಿದರು.

"ತಲೆಗೆ ಏನೂ ಆಗಿಲ್ಲ. ಒಳಗೆ ರಕ್ತ ಸೋರಿ ಸತ್ತಿದ್ದಾನೆ. ಮೂರು ಗಂಟೆ, ಹೆಚ್ಚೆಂದರೆ ನಾಲ್ಕು ಗಂಟೆ ಜೀವ ಇತ್ತು. ಮಾತೂ ಆಡುತ್ತಿದ್ದ ಅನ್ನಿ."

"ಯಾರಾದ್ರೂ ಕರ್ಕೊಂಡು ಬಂದಿದ್ರೆ?"

"ಇಲ್ಲಿಗೆ ಅರ್ಧ ಗಂಟೆ ದಾರಿ ಅಲ್ವೇನ್ರಿ?"

ಶುಕ್ರವಾರ ಬೆಳಿಗ್ಗೆ ರವೀಂದ್ರ ಪ್ಲಾಸ್ಟರ್ ಅಚ್ಚು ಹಿಡಿದು ಪೇಟೆಯ ಪಂಕ್ಚರ್ ಅಂಗಡಿ ಕಾಳಾಚಾರಿಯ ಬಳಿ ಹೋದ. ಶಿವಣ್ಣ ಅಷ್ಟು ಹೊತ್ತಿಗೆ ಶವಪರೀಕ್ಷೆಯ ವರದಿಗೆ ಆಸ್ಪತ್ರೆಯಲ್ಲಿ ಕಾದು ಕೂತಿದ್ದ. ಕಾಳಾಚಾರಿ ಕುಲುಮೆ ಮನೆತನದವನು. ನೇಗಿಲು, ಕುಡುಗೋಲು ಕೇಳುವವರು ಕಡಿಮೆಯಾದ ಮೇಲೆ ಟೈರಿಗೆ ಬಂದಿದ್ದ. ಸವೆದು ಬೋಳಾದ ಟೈರಿನ ಮೇಲೆ ಕಾದ ಅಲಗಿನಿಂದ ಹೊಸದಾಗಿ ಗೀರು ಕೊರೆದು ಕೊಡುವುದರಲ್ಲಿ ಎತ್ತಿದ ಕೈ. ಹಾಗೆ ಕೊರೆದ ಟೈರು ನೋಡುವವರ ಕಣ್ಣಿಗೆ ಹೊಸದು, ಕೆಸರಿಗೆ ಮಾತ್ರ ಬೋಳು.

ಅಚ್ಚನ್ನು ಒಂದೇ ಸಲ ನೋಡಿ ಅವನು ಹೇಳಿದ. "ನಂದೇ ಕೈ ಸ್ವಾಮಿ. ನೋಡಿ ಇಲ್ಲಿ, ಅಡ್ಡ ಬಂದದಲ್ಲ, ಅಲಗು ಜಾರಿ ಬಿದ್ದ ಗಾಯ."

"ಯಾರ ಟೈರು?"

"ಅದ್ಯಾರು ಬರ್ದಿಟ್ಕತಾರೆ? ಆ ನಾಲೆ ರಸ್ತೇಲಿ ಓಡ್ಸೋರ್ಗೆ ಕೊರ್ದಿದ್ದು ಎಲ್ಡೇ. ಒಬ್ಬ ಅಪ್ಪು. ಇನ್ನೊಬ್ಬ ಕರಿಯಪ್ಪ."

ಅಂಗಡಿ ಮುಂದೆ ಗಾಳಿ ಹಿಡಿಸಲು ನಿಂತಿದ್ದವರು ಏಳೆಂಟು ಜನ. ಅದರಲ್ಲಿ ಇಬ್ಬರು ಹೊಂಗೆಕೊಪ್ಪಲಿನವರು. ಪೊಲೀಸ್ ಜೀಪು ಇನ್ನೂ ತಿರುವು ದಾಟುವ ಮೊದಲೇ ಅವರ ಬೈಕು ಊರು ಸೇರಿತ್ತು.

ಜೀಪು ಹೊಂಗೆಕೊಪ್ಪಲು ತಲುಪಿದಾಗ ಅಪ್ಪುವಿನ ಆಟೋ ಉರಿಯುತ್ತಿತ್ತು. ಕರಿಯಪ್ಪನ ಟೈರು ಹೊಸದೆಂದು ಕಂಡ ಊರು, ಉಳಿದವನು ಅಪ್ಪು ಎಂದು ತೀರ್ಮಾನಿಸಿತ್ತು. ಮಂಜುನಾಥನ ದಾಯಾದಿಗಳು ಅಪ್ಪುವಿನ ಬಲಗೈಯನ್ನು ಅರಳಿಕಟ್ಟೆಯ ಕಲ್ಲಿನ ಮೇಲಿಟ್ಟು ಎರಡು ಕಡೆ ಮುರಿದಿದ್ದರು. ಹ್ಯಾಂಡಲ್ ಹಿಡಿಯುವ ಕೈ ಅದು ಎಂದು ಯಾರೋ ವಿವರಿಸಿದರು. ರವೀಂದ್ರ ಅಪ್ಪುವನ್ನು ಜನರಿಂದ ಬಿಡಿಸಿ ಜೀಪಿಗೆ ಹಾಕಿದ. ಬೆಂದು ಕರಗಿದ ಟೈರನ್ನು ಅಚ್ಚಿನ ಪಕ್ಕ ಇಟ್ಟು ನೋಡುವ ಮಾತೇ ಇರಲಿಲ್ಲ. ಅವನು ತಪ್ಪಿತಸ್ಥ ಎನ್ನಲಿಕ್ಕೆ ಊರೇ ಇತ್ತು. ಅಲ್ಲ ಎನ್ನಲಿಕ್ಕೆ ಇದ್ದ ಒಂದೇ ಸಾಕ್ಷಿ ಹೊಗೆಯಾಗಿ ಹೋಗಿತ್ತು.

"ನಾಳೆ ಹನ್ನೊಂದಕ್ಕೆ ಕೋರ್ಟಿಗೆ ಹಾಜರುಪಡಿಸೋಣ," ಎಂದ ರವೀಂದ್ರ, ಆಸ್ಪತ್ರೆಯಿಂದ ಮರಳಿದ ಶಿವಣ್ಣನಿಗೆ.

ಠಾಣೆಯ ಜಗಲಿಯಲ್ಲಿ ಅಪ್ಪುವಿನ ಹೆಂಡತಿ ವರಲಕ್ಷ್ಮಮ್ಮ ಕೂತಿದ್ದಳು.

"ದಪೇದಾರ್ರೇ, ಬುಧವಾರ ಸಂಜೆ ಅವ್ರು ಮನೇಲೇ ಇದ್ರು ಕಣ್ರಪ್ಪ. ಜರ ಬಂದು ಕಂಬಳಿ ವದ್ಕಂಡು ಮಲ್ಗಿದ್ರು. ನಾನೇ ಗಂಜಿ ಕುಡ್ಸ್ದೆ."

"ನೋಡಿದೋರು?"

"ನಾನು. ಹೆಂಡ್ತಿ ಮಾತ್ನ ಕೇಳ್ತಾರಾ ಕೋರ್ಟ್ನಾಗೆ?"

ಶಿವಣ್ಣ ಕೇಳಿದ್ದು ಇನ್ನೊಂದು. "ಗಾಡಿಗೆ ಬೆಂಕಿ ಇಟ್ಟೋರ್ಯಾರು?"

"ಇಟ್ಟಿದ್ದು ದೊಡ್ಡಮನೆ ದಾಯಾದಿಗಳು. ಪೆಟ್ರೋಲ್ ತಂದ್ಕೊಟ್ಟೋನು ಕರಿಯಪ್ಪ. 'ಲೇ ಕರಿಯ, ನಿನ್ ಗಾಡಿಯಿಂದ ಒಂದ್ ಕ್ಯಾನು ಇಳ್ಸ್ಕಂಡ್ ಬಾರ್ಲಾ' ಅಂದ್ರು. ಓಡ್ಕಂಡ್ ವೋದ. ಮದ್ವೆ ಮನೇಗೆ ಕರ್ದಂಗೆ ಮಕ ಅರಳ್ಸ್ಕಂಡು ವೋದ."

ಕರಿಯಪ್ಪ ಯಾರೆಂಬುದು ಸುತ್ತ ಏಳು ಹಳ್ಳಿಗೆ ಗೊತ್ತಿದ್ದ ವಿಚಾರ. ಮಾಯಮ್ಮನ ಗಂಡ ದೊಡ್ಡೇಗೌಡ ಬದುಕಿದ್ದಾಗ ಕೆರೆಯಾಚೆ ಕುಳ್ಳಮ್ಮ ಎಂಬವಳನ್ನು ಇಟ್ಟುಕೊಂಡಿದ್ದ. ಮಂಜುನಾಥನಿಗಿಂತ ಆರು ವರ್ಷ ಮೊದಲು ಆಕೆಗೆ ಹುಟ್ಟಿದವನು ಕರಿಯಪ್ಪ. ಅದೇ ಹಣೆ, ಅದೇ ಮೂಗು. ಗೌಡ ಸತ್ತ ದಿನ ಅವನು ಚಟ್ಟಕ್ಕೆ ಹೆಗಲು ಕೊಡಲು ಬಂದಾಗ, ಹದಿನಾರರ ಮಂಜುನಾಥ ಎಲ್ಲರೆದುರು ಅವನ ಹೆಗಲ ಮೇಲೆ ಉಗಿದಿದ್ದ. ದೊಡ್ಡವರು ನಕ್ಕಿದ್ದರು.

ಶಿವಣ್ಣ ಬೆಳಗಿನ ತಪಾಸಣೆಯ ಹಾಳೆ ತೆಗೆದ. ರವೀಂದ್ರನ ಜೊತೆ ಊರಿಗೆ ಹೋಗಿ ಕರಿಯಪ್ಪನ ಆಟೋ ನೋಡಿಬಂದ ಕಾನ್‌ಸ್ಟೇಬಲ್ ಬರೆದಿದ್ದ: 'ಹಿಂದಿನ ಬಲ ಟೈರು ಸಾಧಾರಣ. ಹಿಂದಿನ ಎಡ ಟೈರು ಹೊಸದು. ಅಚ್ಚಿಗೆ ಹೋಲುವುದಿಲ್ಲ. ದೀಪಾವಳಿಗೆ ಹಾಕಿಸಿದ್ದಾಗಿ ಹೇಳಿಕೆ.'

"ಮುಂದಿನ ಟೈರು ಹೆಂಗಿತ್ತಪ್ಪ?"

"ಹಿಂದಿನದು ನೋಡು ಅಂದ್ರು, ಹಿಂದಿನದು ನೋಡ್ದೆ," ಎಂದ ಕಾನ್‌ಸ್ಟೇಬಲ್.

ಶಿವಣ್ಣ ಹಾಳೆ ಹಿಡಿದು ರವೀಂದ್ರನ ಕೋಣೆಗೆ ಹೋದ.

"ಸರ್, ಆಟೋದಲ್ಲಿ ಮೊದಲು ಸವೆಯೋದು ಹಿಂದಿನ ಟೈರು. ಜನರ ಭಾರ ಅದರ ಮೇಲೆ, ಎಳೆಯೋದೂ ಅದೇ. ಆದರೂ ಹೊಸ ಟೈರು ತಂದರೆ ಯಾವ ಡ್ರೈವರೂ ಹಿಂದಕ್ಕೆ ಹಾಕಲ್ಲ. ಹೊಸದು ಮುಂದಕ್ಕೆ, ಮುಂದಿನದು ಹಿಂದಕ್ಕೆ. ಮುಂದೆ ಇರೋದು ಒಂದೇ ಚಕ್ರ, ಅದು ಸಿಡಿದರೆ ಗಾಡಿ ಮಗುಚುತ್ತದೆ. ಇದು ಬರಹ ಬಾರದವನಿಗೂ ಗೊತ್ತು."

"ಅಂದರೆ?"

"ಕರಿಯಪ್ಪನಿಗೆ ಹೊಸ ಟೈರು ಬೇಕಿರಲಿಲ್ಲ ಸರ್. ಹಳೇದು ಹೋಗಬೇಕಿತ್ತು."

ಮಧ್ಯಾಹ್ನ ಮೂರೂವರೆ, ಹೊಂಗೆಕೊಪ್ಪಲು. ಕರಿಯಪ್ಪ ಆಟೋದಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತಿದ್ದ. ಶಿವಣ್ಣ ಮೊದಲು ಮುಂದಿನ ಚಕ್ರಕ್ಕೆ ಬಗ್ಗಿದ. ನೆಲ ಕಚ್ಚುವ ಉಬ್ಬು, ಬಟನ್ ಎಂಬುದೇ ಇಲ್ಲ, ಒಳಗಿನ ನೂಲು ಇಣುಕುತ್ತಿತ್ತು. ಆಮೇಲೆ ಹಿಂದಿನ ಎಡಚಕ್ರದ ಬಟನ್ನಿನ ಮೇಲೆ ಬೆರಳಾಡಿಸಿದ. ಅಂಗಡಿಯಿಂದ ಬರುವಾಗ ಹೊಸ ಟೈರಿನ ಮೇಲಿರುವ ರಬ್ಬರಿನ ಕೂದಲು ಇನ್ನೂ ಅಲ್ಲಲ್ಲಿ ಉಳಿದಿತ್ತು.

"ದೀಪಾವಳಿಗೆ ಹಾಕ್ಸಿದ್ದಾ?"

"ಊಂ ಸಾ."

"ಹನ್ನೆರಡು ದಿನ ಓಡ್ಸಿದೀಯ. ಕೂದ್ಲು ಉದ್ರಿಲ್ಲ?"

"ನಾನು ಮೆತ್ಗೆ ಓಡಿಸ್ತೀನಿ ಸಾ. ನಿಮ್ ಜೀಪ್ನಂಗಲ್ಲ."

"ಮುಂದ್ಲುದು ಬೋಳಾಗದೆ. ಹೊಸದ ಹಿಂದುಕ್ಯಾಕೆ ಆಕ್ದೆ?"

ಕರಿಯಪ್ಪ ಮೇಲಿಟ್ಟ ಕಾಲು ಕೆಳಗಿಳಿಸಿದ. ಅವನೂ ಹತ್ತು ವರ್ಷದ ಡ್ರೈವರು. ಆ ಪ್ರಶ್ನೆಗೆ ಉತ್ತರವಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

"ಹಳೇದೆಲ್ಲಿ?"

ಈ ಪ್ರಶ್ನೆಗೆ ಅವನ ಮುಖ ಸಡಿಲಾಯಿತು. "ತೋಪಿನ ಆಲೆಮನೆ ಒಲೆಗೆ ಕೊಟ್ಟೆ. ಉರ್ದು ಬೂದಿ ಆಗದೆ. ವೋಗಿ ಬೂದೀನೆ ಕೇಳಿ."

ಅವನನ್ನೂ ಇಬ್ಬರು ಪಂಚರನ್ನೂ ಜೀಪಿಗೆ ಹತ್ತಿಸಿಕೊಂಡು ಆಲೆಮನೆಗೆ ಹೋದರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಒಲೆ ಉರಿಸುವ ಬೋರ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದ.

"ಕರಿಯಪ್ಪ ಕೊಟ್ಟ ಟೈರು ಉರಿಗೆ ಹಾಕ್ದಾ?"

"ಟೈರ್ ಆಕುದ್ರೆ ಬೆಲ್ಲ ಕರ್‍ರಗಾಯ್ತದೆ ಅಂತ ಯಜಮಾನ್ರು ವದೀತಾರೆ ಸ್ವಾಮಿ. ಅದ್ಯಾಕಪ್ಪ ದಂಡ ಮಾಡೋದು ಅಂತ..." ಎಂದು ಬೋರ ನಾಚಿಕೊಂಡು ತನ್ನ ಪಾದ ನೋಡಿಕೊಂಡ.

ಅವನ ಕಾಲಲ್ಲಿ ಹೊಸ ಟೈರುಮೆಟ್ಟು. ಬಿಚ್ಚಿಸಿ ಮಗುಚಿದಾಗ ಎಡಗಾಲಿನದರ ಅಟ್ಟೆಯ ಮೇಲೆ, ಹಿಮ್ಮಡಿಗೆ ಸ್ವಲ್ಪ ಮುಂದೆ, ಅಡ್ಡವಾಗಿ ಬಿದ್ದ ಒಂದು ಗಾಯ. ಕಾಳಾಚಾರಿಯನ್ನು ಕರೆಸಿ ತೋರಿಸಿದರು. ಅವನು ಬೆರಳಿಟ್ಟು, "ಇದೇ ಸ್ವಾಮಿ," ಎಂದ. ರವೀಂದ್ರ ಬರೆಸಿದ: 'ಆಟೋರಿಕ್ಷಾ ಟೈರಿನಿಂದ ಕತ್ತರಿಸಿದ ಮೆಟ್ಟು, ಒಂದು ಜೊತೆ. ಪಂಚರ ಸಮಕ್ಷಮ ಜಪ್ತಿ.' ಸಮಯ ಐದೂ ಹತ್ತು. ಬೋರ ಕಬ್ಬಿನ ಕೂಳೆಯ ಮೇಲೆ ಬರಿಗಾಲಲ್ಲಿ ಹೆಜ್ಜೆ ನೋಡಿಕೊಂಡು ಹೋದ.

ಐದೂವರೆಗೆ ಕರಿಯಪ್ಪನನ್ನು ಬಂಧಿಸಿದರು. ಶನಿವಾರ ಬೆಳಿಗ್ಗೆ ಪಾಂಡವಪುರದ ಟೈರ್ ಅಂಗಡಿಯವನು ಗುರುತು ಹಿಡಿದ. ಗುರುವಾರ ಬಾಗಿಲು ತೆರೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಕೂತಿದ್ದವನು ಇವನೇ ಎಂದ. ಅಪ್ಪುವನ್ನು ಬಿಟ್ಟು ಕಳಿಸಿದರು. ಅವನು ಹೋಗುವಾಗ ಎಡಗೈಯಲ್ಲಿ ಸಹಿ ಹಾಕಲು ಬಾರದೆ ಹೆಬ್ಬೆಟ್ಟು ಒತ್ತಿದ. ಸುಟ್ಟ ಗಾಡಿಗೂ ಮುರಿದ ಕೈಗೂ ಬೇರೆ ಪ್ರಕರಣ ದಾಖಲಾಯಿತು. ಊರಲ್ಲಿ ಒಬ್ಬರೂ ಏನನ್ನೂ ಕಂಡಿರಲಿಲ್ಲ.

ಮೆಟ್ಟು ಮೇಜಿನ ಮೇಲೆ ಇಟ್ಟ ಮೇಲೆ ಕರಿಯಪ್ಪನಿಗೆ ಹೊಡೆತ ಬೇಕಾಗಲಿಲ್ಲ.

"ಬೇಕೂಂತ ಗುದ್ದಿದ್ದಾ?"

"ಇಲ್ಲ ಸಾ. ನನ್ ತಾಯಾಣೆ. ಕೆಸರಲ್ಲಿ ಹಿಂದ್ಲುದು ಜಾರ್ಬುಡ್ತು. ಬಾಲ ತಿರುಗಿ ಅವುನ್ನ ತೂಬಿನ ಕಲ್ಲಿಗೆ ಅಮುಕ್ಬುಡ್ತು."

"ಎತ್ಲಿಲ್ವಾ?"

"ಎತ್ತಕ್ಕೇ ವೋದೆ. ಕಂಕುಳಿಗೆ ಕೈ ಆಕ್ದೆ. 'ಮುಟ್ಬ್ಯಾಡ ಕಣ್ಲಾ ಸೂಳೆಮಗ್ನೆ, ಊರಿಗ್ವೋಗಿ ನಮ್ಮೋರ ಕರ್ಕಂಡ್ ಬಾ' ಅಂದ. ಕೈ ಬುಟ್ಟೆ. ಗಾಡೀಲಿ ಕೂತ್ಕಂಡೆ. ಅಣ್ಣ ಅನ್ನು, ಆಸ್ಪತ್ರೆಗೆ ಆಕ್ತೀನಿ ಅಂದೆ."

ಶಿವಣ್ಣನ ಪೆನ್ನು ನಿಂತಿತು. "ಅಂದ್ನಾ?"

"ಒಂದು ಗಂಟೆ ಅನ್ನಲಿಲ್ಲ. ಬೈದ. ಕತ್ಲಾಯ್ತು. ನೋವು ಜಾಸ್ತಿ ಆಯ್ತು. ಆಗ ಅಂದ. 'ಅಣ್ಣಾ, ಕರ್ಕಂಡ್ ವೋಗಣ್ಣಾ' ಅಂದ."

"ಅಂದ ಮೇಲೆ ಯಾಕೆ ಹಾಕ್ಕೊಂಡು ಹೋಗಲಿಲ್ಲ?" ಕೇಳಿದವನು ರವೀಂದ್ರ. ಅವನ ದನಿ ತುಸು ಏರಿತ್ತು.

ಕರಿಯಪ್ಪ ಆ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡವನಂತೆ ಹೇಳಿದ.

"ಇನ್ನೊಂದ್ ಸಲ ಕೇಳಾನ ಅನ್ನಿಸ್ತು ಸಾ. ಅಂದ. ಇನ್ನೊಂದ್ ಸಲ ಅಂದ. ಕೇಳ್ತಾ ಕೇಳ್ತಾ ಹೊತ್ತು ವೋಗಿದ್ದೇ ಗೊತ್ತಾಗ್ಲಿಲ್ಲ."

304(ಎ) ಹೋಗಿ ಕೊಲೆಯ 302 ಬಂತು, ಸಾಕ್ಷ್ಯನಾಶಕ್ಕೆ 201 ಸೇರಿತು. ಪೊಲೀಸರ ಮುಂದೆ ಆಡಿದ ತಪ್ಪೊಪ್ಪಿಗೆಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಮೆಟ್ಟು, ಅಚ್ಚು, ಎಣ್ಣೆ ಕಲೆ, ವೈದ್ಯರ ವರದಿ, ಇಷ್ಟರ ಮೇಲೆ ಪ್ರಕರಣ ನಿಲ್ಲಬೇಕಿತ್ತು.

ಸೋಮವಾರ ಮಾಯಮ್ಮ ಮಗನ ಗಡಿಯಾರ ಬಿಡಿಸಿಕೊಳ್ಳಲು ಬಂದಳು. ಸಹಿ ಹಾಕಿ, ಗಡಿಯಾರ ಸೆರಗಿಗೆ ಕಟ್ಟಿಕೊಂಡು, ಹೋಗದೆ ನಿಂತಳು.

"ಮೂರು ಗಂಟೆ ಜೀವ ಇತ್ತಂತಲ್ಲಪ್ಪ. ಕೊನೇಗೇನಾರಾ ಅಂದ್ನಂತಾ? ಅವ್ವಾ ಅಂದ್ನಾ?"

ಹೌದು ಎಂದುಬಿಡಬಹುದಿತ್ತು. ಶಿವಣ್ಣನಿಗೂ ಇಬ್ಬರು ಮಕ್ಕಳು. ಆದರೆ ಅಣ್ಣ ಎಂಬ ಎರಡಕ್ಷರದ ಮೇಲೆ ಒಬ್ಬ ಮನುಷ್ಯ ಸತ್ತಿದ್ದ, ಒಬ್ಬ ಜೈಲಿಗೆ ಹೋಗಿದ್ದ, ಏನೂ ಅರಿಯದವನೊಬ್ಬನ ಕೈ ಮುರಿದಿತ್ತು. ಇಷ್ಟಾದ ಮೇಲೆ ಇವಳಾದರೂ ಕೇಳಿಸಿಕೊಳ್ಳಲಿ ಎನಿಸಿತು.

"ಅಣ್ಣ ಅಂದ್ನಂತೆ ಕಣವ್ವ. ಕರಿಯಪ್ಪುನ್ನ. ತುಂಬ ಸಲ ಅಂದ್ನಂತೆ."

ಮಾಯಮ್ಮ ಅವನನ್ನೇ ನೋಡಿದಳು. ಮಗ ಸತ್ತ ದಿನವೂ ಇಲ್ಲದಿದ್ದ ಬಿಸಿ ಆ ಕಣ್ಣಿಗೆ ಬಂತು.

"ನನ್ ಮಗುಂಗೆ ಅಣ್ಣ ಇಲ್ಲ," ಎಂದಳು. "ಅದ್ನೂ ಬರ್ಕೋ."